ಸ್ಕ್ಯಾಫೋಲ್ಡಿಂಗ್ ಅಂದ್ರೆ ಬರೀ ಸಹಾಯ ಮಾಡೋದಲ್ಲ

ಮನೆ ಕಟ್ಟೋವಾಗ ಗೋಡೆ ಪಕ್ಕ ಬೊಂಬು ಕಟ್ಟಿ ಹಲಗೆ ಹಾಕಿರ್ತಾರಲ್ಲ, ಅದಕ್ಕೆ ಸಾರುವೆ ಅಂತೀವಿ. ಟೀಚರ್ ಟ್ರೇನಿಂಗ್‌ನಲ್ಲಿ ಪದೇಪದೇ ಕಿವಿಗೆ ಬೀಳೋ ಸ್ಕ್ಯಾಫೋಲ್ಡಿಂಗ್ ಅನ್ನೋದು ಅದೇ ಪದ. ನೋಟ್ಸ್‌ಗಳಲ್ಲಿ "ಕಲಿಯುವವರಿಗೆ ಶಿಕ್ಷಕರು ನೀಡುವ ನೆರವು" ಅಂತ ಒಂದೇ ಸಾಲಲ್ಲಿ ಮುಗಿಸ್ಬಿಡ್ತಾರೆ, ನನ್ನ ಪ್ರಕಾರ ಅದು ಅರ್ಧ ಅರ್ಥ, ಯಾಕಂದ್ರೆ ಸಾರುವೆ ಗೋಡೆ ಎದ್ದಂಗೆಲ್ಲ ಜಾಗ ಬದಲಾಯಿಸ್ಬೇಕು, ಕೆಲಸ ಆದ್ಮೇಲೆ ಅದನ್ನ ಬಿಚ್ಚಲೇಬೇಕು.

1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಸೇರಿ ಬರೆದ ಒಂದು ಪೇಪರ್‌ನಿಂದ ಈ ಪದ ಮನೋವಿಜ್ಞಾನದಲ್ಲಿ ಬೇರೂರಿದ್ದು. 3, 4, 5 ವರ್ಷದ 30 ಮಕ್ಕಳನ್ನ ಒಬ್ಬೊಬ್ರನ್ನೇ ಕೂರಿಸ್ಕೊಂಡು 21 ಮರದ ತುಂಡು ಜೋಡಿಸಿ ಪಿರಮಿಡ್ ಕಟ್ಟೋ ಕೆಲಸ ಕೊಟ್ರು. ಮಜಾ ಏನಂದ್ರೆ ಹೇಳ್ಕೊಡೋರ ಕೆಲಸ ವಯಸ್ಸಿಂದ ವಯಸ್ಸಿಗೆ ಬೇರೆನೇ ಆಗೋಯ್ತು, 3 ವರ್ಷದವ್ರನ್ನ ಆಟ ಬಿಡಿಸಿ ಕೆಲಸದ ಕಡೆ ಎಳ್ಕೊಂಡು ಬರೋದೇ ದೊಡ್ಡದು, 4 ವರ್ಷದವ್ರಿಗೆ ಬಾಯಲ್ಲಿ ಹೇಳಿದ್ರೆ ತಿದ್ಕೊಳ್ತಿದ್ರು, 5 ವರ್ಷದವ್ರಿಗೆ ಎಲ್ಲೋ ಸಿಕ್ಕಾಕೊಂಡಾಗ ಇಲ್ಲಾ ಕಟ್ಟಿದ್ದು ಸರಿ ಇದ್ಯಾ ಅಂತ ಗೊತ್ತಾಗ್ಬೇಕಾದಾಗ ಮಾತ್ರ ಟೀಚರ್ ಬೇಕಿತ್ತು.

ವೈಗೋಟ್‌ಸ್ಕಿ ಅನ್ನೋ ರಷ್ಯಾದ ಮನೋವಿಜ್ಞಾನಿ ಈ ಪದ ಕೊಟ್ಟಿದ್ದು ಅಂತ ತುಂಬಾ ಜನ ಬರೀತಾರೆ, ಅದು ತಪ್ಪು. ಅವ್ರು ತೀರ್ಕೊಂಡಿದ್ದೇ 1934ರಲ್ಲಿ. ಅವ್ರು ಕೊಟ್ಟಿದ್ದು ಸಮೀಪ ವಿಕಾಸ ವಲಯ ಅನ್ನೋ ಪರಿಕಲ್ಪನೆ, ಅಂದ್ರೆ ಮಗು ಒಂಟಿಯಾಗಿ ಮಾಡೋದಕ್ಕೂ ಗೊತ್ತಿರೋರು ಜೊತೆಗಿದ್ರೆ ಮಾಡೋದಕ್ಕೂ ನಡುವೆ ಇರೋ ಜಾಗ. ಸಾರುವೆ ನಿಲ್ಲಿಸ್ಬೇಕಾದ್ದು ಆ ಜಾಗದಲ್ಲೇ, ಹಾಗಾಗಿ ಎರಡೂ ಪದ ಜೊತೆಗೆ ಅಂಟ್ಕೊಂಡಿವೆ.

ಕ್ಲಾಸಲ್ಲಿ ಇದು ಹೆಂಗಿರುತ್ತೆ ಅಂದ್ರೆ, ಒಂದು ಮಗು 52ರಲ್ಲಿ 17 ಕಳೆದು 45 ಅಂತ ಬರ್ದಿದೆ ಅನ್ಕೊಳ್ಳಿ. ನಾವು ಹೋಗಿ 35 ಅಂತ ತಿದ್ದಿದ್ರೆ ಲೆಕ್ಕ ಸರಿಯಾಯ್ತು, ಮಗು ಅಲ್ಲೇ ಉಳೀತು. ಮೊದ್ಲು ನೋಡ್ಬೇಕಾದ್ದು 45 ಎಲ್ಲಿಂದ ಬಂತು ಅಂತ, 2ರಲ್ಲಿ 7 ಹೋಗಲ್ಲ ಅಂತ ಅದು 7ರಲ್ಲೇ 2 ಕಳೆದುಬಿಟ್ಟಿದೆ, ತಲೆ ಓಡಿಸಿದೆ, ಆದ್ರೆ ತಪ್ಪು ದಾರಿಲಿ. ಈಗ "17 ತೆಗೀಬೇಕು, ನಿನ್ ಹತ್ರ ಬಿಡಿ ಎಷ್ಟಿದೆ?" ಅಂತ ಕೇಳಿ ಸುಮ್ನಿರ್ಬೇಕು. ಹೊಳೀಲಿಲ್ವಾ, ಹತ್ತತ್ತು ಕಡ್ಡಿಯ 5 ಕಟ್ಟು, 2 ಬಿಡಿ ಕಡ್ಡಿ ಮುಂದಿಡಿ. ಆಗ್ಲೂ ಆಗ್ಲಿಲ್ವಾ, ಒಂದು ಕಟ್ಟು ನೀವೇ ಬಿಚ್ಚಿ ತೋರ್ಸಿ. ಗೊತ್ತಾಯ್ತು ಅನ್ಸಿದ ತಕ್ಷಣ ಮುಂದಿನ ಲೆಕ್ಕಕ್ಕೆ ಕಡ್ಡಿ ಬೇಡ, ಬರೀ ಪ್ರಶ್ನೆ ಸಾಕು, ಅದರ ಮುಂದಿಂದಕ್ಕೆ ಪ್ರಶ್ನೆನೂ ಬೇಡ. ತಪ್ಪಿದ್ರೆ ಒಂದು ಮೆಟ್ಲು ನೆರವು ಜಾಸ್ತಿ, ಗೆದ್ರೆ ಒಂದು ಮೆಟ್ಲು ಕಮ್ಮಿ. 1978ರಲ್ಲಿ ವುಡ್ ಮತ್ತೆ ಅವ್ರ ಜೊತೆಯವ್ರು ಬೇರೆಬೇರೆ ರೀತಿಲಿ ಹೇಳ್ಕೊಟ್ಟು ಹೋಲಿಸಿದಾಗ, ಈ ಥರ ಕಲಿತ ಮಕ್ಕಳೇ ಆಮೇಲೆ ಒಂಟಿಯಾಗಿ ಚೆನ್ನಾಗಿ ಮಾಡಿದ್ದು.

ಇದ್ರಲ್ಲಿ ನಂಗೆ ಅತೀ ಕಷ್ಟ ಅನ್ಸೋದು ಸುಮ್ನಿರೋದು. ಮಗು ಪೆನ್ಸಿಲ್ ಕಚ್ತಾ ಕೂತಿದ್ರೆ ನಮ್ಗೇ ತಡ್ಯಕ್ಕಾಗಲ್ಲ, ಬಾಯಿ ತೆರೆದು ಉತ್ತರದ ಅರ್ಧ ಹೇಳ್ಬಿಡ್ತೀವಿ, ಅದು ಮುಖ ನೋಡಿ ಇನ್ನರ್ಧ ಊಹಿಸುತ್ತೆ, ನಾವು ವೆರಿಗುಡ್ ಅಂತೀವಿ. ಹಾಗಂತ ಸೋತು ಅಳು ಬರೋವರ್ಗೂ ಬಿಡಿ ಅಂತಲ್ಲ, ಹತಾಶೆ ಕೈ ಮೀರದಂಗೆ ನೋಡ್ಕೊಳೋದೂ ಸಾರುವೆ ಕೆಲಸವೇ ಅಂತ ಆ 1976ರ ಪೇಪರಲ್ಲೇ ಇದೆ.

ಕ್ಲಾಸ್ ತುಂಬಾ ಮಕ್ಕಳಿದ್ರೆ ಒಬ್ಬೊಬ್ರ ಪಕ್ಕ ಕೂರಕ್ಕಾಗಲ್ಲ, ನಿಜ. ಆಗ ಸಾರುವೆನ ಹಾಳೆ ಮೇಲೇ ಕಟ್ಬಹುದು, ಮೊದಲ್ನೇ ಲೆಕ್ಕ ಪೂರ್ತಿ ಬಿಡಿಸಿ ಕೊಡಿ, ಎರಡನೇದ್ರಲ್ಲಿ ಕೊನೇ ಹಂತ ಖಾಲಿ ಬಿಡಿ, ಮೂರನೇದ್ರಲ್ಲಿ ಕೊನೇ ಎರಡು ಹಂತ, ಹಿಂಗೇ ಹೋಗ್ತಾ ಕೊನೇಲಿ ಬರೀ ಪ್ರಶ್ನೆ. ಯಾವ ಮಗು ಎಷ್ಟನೇ ಲೆಕ್ಕದಲ್ಲಿ ನಿಂತ್ಕೊಂಡಿದೆ ಅಂತ ಹಾಳೆ ನೋಡಿದ್ರೇ ಕಾಣುತ್ತೆ, ಕೂರೋದಿದ್ರೆ ಆ ಮಗು ಪಕ್ಕ ಹೋಗಿ ಕೂತ್ಕೊಳ್ಳಿ.