ಮೂಲಕ್ಕೆ ಬೀಗ, ನಕಲಿಗೆ ಬಯಲು

ಡೇಟಾ ವರ್ಗೀಕರಣದ, ಅಂದರೆ ಯಾವ ಮಾಹಿತಿ ಎಷ್ಟು ಗೋಪ್ಯ ಎಂದು ದರ್ಜೆ ಕೊಡುವ ಕೆಲಸಕ್ಕೆಂದು ಯಾವ ಸಂಸ್ಥೆಗೆ ಹೋದರೂ ಮೊದಲು ನನ್ನ ಮುಂದೆ ಒಂದು ಪಟ್ಟಿ ಬರುತ್ತದೆ. ಎಡಗಡೆ ಸಾಫ್ಟ್‌ವೇರ್‌ಗಳ ಹೆಸರು, ಬಲಗಡೆ ದರ್ಜೆ. ಪೇರೋಲ್: ಅತಿ ಗೋಪ್ಯ. ಗ್ರಾಹಕರ ಡೇಟಾಬೇಸ್: ಗೋಪ್ಯ. ಶೇರ್ಡ್ ಡ್ರೈವ್: ಆಂತರಿಕ. ಪಟ್ಟಿ ಅಚ್ಚುಕಟ್ಟಾಗಿರುತ್ತದೆ, ಮೇಲಿನವರ ಸಹಿಯೂ ಬಿದ್ದಿರುತ್ತದೆ. ನಾನು ಕೇಳುವುದು ಒಂದೇ ಪ್ರಶ್ನೆ: ಪೇರೋಲ್‌ನಿಂದ ಇಳಿಸಿಕೊಂಡ ಸಂಬಳದ ಶೀಟು ಶೇರ್ಡ್ ಡ್ರೈವ್‌ನಲ್ಲಿ ಕೂತಿದ್ದರೆ ಅದರ ದರ್ಜೆ ಯಾವುದು? ಪಟ್ಟಿಯ ಪ್ರಕಾರ ‘ಆಂತರಿಕ’. ಅಂದರೆ ಎಲ್ಲ ಸಿಬ್ಬಂದಿಯೂ ತೆರೆದು ನೋಡಬಹುದು.

ಈ ತಪ್ಪು ತಿಳಿವಳಿಕೆ ಎಷ್ಟು ಹೇಳಿದರೂ ಹೋಗುತ್ತಿಲ್ಲ ಎಂಬ ಬೇಸರಕ್ಕೇ ಇದನ್ನು ಬರೆಯುತ್ತಿದ್ದೇನೆ. ದರ್ಜೆ ಅಂಟಿಕೊಳ್ಳಬೇಕಾದದ್ದು ಮಾಹಿತಿಗೆ, ಅದು ಇರುವ ಸಾಫ್ಟ್‌ವೇರ್‌ಗಲ್ಲ. ಅದು ಡೇಟಾಬೇಸ್‌ನಲ್ಲಿರಲಿ, ಎಕ್ಸೆಲ್‌ಗೆ ಇಳಿಯಲಿ, ಇಮೇಲ್‌ಗೆ ಲಗತ್ತಾಗಲಿ, ಪ್ರಿಂಟ್ ಆಗಿ ಮೇಜಿನ ಮೇಲೆ ಬೀಳಲಿ, ಯಾರೋ ಫೋಟೊ ಹೊಡೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಲಿ, ದರ್ಜೆ ಅದೇ. ಮನೆ ಬದಲಾಯಿಸಿದ ಮಾತ್ರಕ್ಕೆ ರೋಗಿಯ ಜ್ವರ ಇಳಿಯುವುದಿಲ್ಲ. ಮೂಲ ಡೇಟಾಬೇಸ್‌ನ ರಕ್ಷಣೆಗೆ ಹಣ ಸುರಿದವರು ಅದರ ನಕಲುಗಳು ಎಲ್ಲೆಲ್ಲಿವೆ ಎಂದು ಒಮ್ಮೆಯೂ ವಿಚಾರಿಸಿರುವುದಿಲ್ಲ.

ದರ್ಜೆಗಳು ಎಷ್ಟಿರಬೇಕು ಎಂಬ ಚರ್ಚೆಯಲ್ಲೇ ಸಭೆ ಮುಗಿದುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಮೂರೋ ನಾಲ್ಕೋ ಸಾಕು. ಬ್ರಿಟನ್ ಸರ್ಕಾರವೇ 2014ರ ಏಪ್ರಿಲ್‌ನಲ್ಲಿ ತನ್ನ ಹಳೆಯ ಗೋಪ್ಯತೆಯ ಮಟ್ಟಗಳನ್ನು ಕೈಬಿಟ್ಟು ಮೂರಕ್ಕೆ ಇಳಿಸಿತು. ಒಂದು ಸರ್ಕಾರಕ್ಕೆ ಮೂರು ಸಾಕಾಗುವುದಾದರೆ ನಿಮ್ಮ ಕಂಪನಿಗೆ ಏಳು ಬೇಕಾಗಿಲ್ಲ.

ನಕಲಿನ ವಿಷಯಕ್ಕೆ ಬರುತ್ತೇನೆ. ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದ ಹಿರಿಯ ಸಿಬ್ಬಂದಿಯೊಬ್ಬರ ಪಕ್ಕ ಕೂತು ಅವರ ಲ್ಯಾಪ್‌ಟಾಪ್‌ನ ಡೌನ್‌ಲೋಡ್ಸ್ ಫೋಲ್ಡರ್ ತೆರೆಸಿದೆ. ‘ಕಸ್ಟಮರ್ ಲಿಸ್ಟ್’, ‘ಕಸ್ಟಮರ್ ಲಿಸ್ಟ್ (1)’, ‘ಕಸ್ಟಮರ್ ಲಿಸ್ಟ್ ಫೈನಲ್’, ‘ಫೈನಲ್ ನ್ಯೂ’ ಹೀಗೆ ಮೌಸ್ ತಿರುಗಿಸಿದಷ್ಟೂ ಫೈಲುಗಳು. ಪ್ರತಿಯೊಂದರಲ್ಲೂ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ, ಬಾಕಿ ಮೊತ್ತ. “ಸರ್, ಇವೆಲ್ಲ ಬರೀ ವರ್ಕಿಂಗ್ ಕಾಪಿ. ಒರಿಜಿನಲ್ ಸರ್ವರ್‌ನಲ್ಲಿ ಸೇಫಾಗಿದೆ” ಎಂದರು. ಪೂರ್ಣ ಪ್ರಾಮಾಣಿಕವಾಗಿ ಹೇಳಿದ ಮಾತು ಅದು. ಆ ವಿಭಾಗದಲ್ಲಿ ಅವರಷ್ಟು ನಿಷ್ಠೆಯಿಂದ ದುಡಿಯುವವರು ಇನ್ನೊಬ್ಬರಿರಲಿಲ್ಲ. ಅವರಿಗೆ ಬೇಕಿದ್ದದ್ದು ಶಾಖೆವಾರು ಬಾಕಿಯ ಒಟ್ಟು ಮೊತ್ತ ಮಾತ್ರ. ಸಾಫ್ಟ್‌ವೇರ್‌ನಲ್ಲಿ ಅಂಥ ರಿಪೋರ್ಟ್ ಇಲ್ಲದ್ದರಿಂದ ಪ್ರತಿ ತಿಂಗಳು ಇಡೀ ಪಟ್ಟಿ ಇಳಿಸಿಕೊಂಡು ತಾವೇ ಕೂಡಿಸುತ್ತಿದ್ದರು. ಇಂಥವರನ್ನು ಗದರುವ ಮ್ಯಾನೇಜರುಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗದರಿದರೆ ನಕಲು ಮಾಡುವುದು ನಿಲ್ಲುವುದಿಲ್ಲ, ನಿಮ್ಮ ಕಣ್ಣಿಗೆ ಬೀಳುವುದು ನಿಲ್ಲುತ್ತದೆ.

ನಕಲಿನೊಳಗೆ ಏನಿದೆ ಎಂಬುದು ಕಳಿಸುವವರಿಗೇ ಗೊತ್ತಿರುವುದಿಲ್ಲ ಎಂಬುದಕ್ಕೆ 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡ್ ಪೊಲೀಸ್ ಇಲಾಖೆಯಲ್ಲಿ ಆದದ್ದನ್ನು ನೋಡಿ. ಯಾವ ಹುದ್ದೆಯಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಮಾಹಿತಿ ಹಕ್ಕಿನಡಿ ಒಂದು ಪ್ರಶ್ನೆ ಬಂದಿತ್ತು. ಉತ್ತರವಾಗಿ ಎಕ್ಸೆಲ್ ಫೈಲು ಹೋಯಿತು. ಕೇಳಿದ ಅಂಕಿಸಂಖ್ಯೆಯ ಜೊತೆಗೆ, ಯಾರ ಗಮನಕ್ಕೂ ಬಾರದೆ, ಅದಕ್ಕೆ ಆಧಾರವಾಗಿದ್ದ ಶೀಟೂ ಅದರೊಳಗೇ ಉಳಿದಿತ್ತು. 9,483 ಅಧಿಕಾರಿ ಮತ್ತು ಸಿಬ್ಬಂದಿಯ ಉಪನಾಮ, ಹೆಸರಿನ ಮೊದಲಕ್ಷರ, ಹುದ್ದೆ, ಕೆಲಸ ಮಾಡುವ ಸ್ಥಳ ಜಾಲತಾಣದಲ್ಲಿ ಬಹಿರಂಗವಾದವು. ಪೊಲೀಸರು ತಮ್ಮ ಕೆಲಸವನ್ನು ನೆರೆಹೊರೆಯವರಿಂದಲೂ ಮುಚ್ಚಿಡಬೇಕಾದ ನಾಡು ಅದು. ಮರುವರ್ಷ ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 7,50,000 ಪೌಂಡ್ ದಂಡ ಹಾಕಿತು. ಮೂಲ ಡೇಟಾಬೇಸ್‌ಗೆ ಯಾರೂ ಕನ್ನ ಹಾಕಿರಲಿಲ್ಲ. ನಿಮ್ಮಲ್ಲಿ ಪಿವೋಟ್ ಟೇಬಲ್ (ಎಕ್ಸೆಲ್‌ನಲ್ಲಿ ಸಾಲುಗಳನ್ನು ಒಟ್ಟುಗೂಡಿಸಿ ತೋರಿಸುವ ಕೋಷ್ಟಕ) ಮಾಡಿ ಹೊರಗೆ ಕಳಿಸುವವರಿಗೆ ಇಷ್ಟಾದರೂ ತಿಳಿಸಿ: ಮೇಲೆ ಕಾಣುವುದು ಒಟ್ಟು ಮೊತ್ತವಾದರೂ ಅದರ ಹಿಂದಿನ ಸಾಲುಗಳೆಲ್ಲ ಅದೇ ಫೈಲಿನಲ್ಲಿ ಇರಬಹುದು.

“ಹೆಸರು ತೆಗೆದುಬಿಟ್ಟಿದ್ದೇವೆ, ಇನ್ನೇನು ತೊಂದರೆ?” ಎನ್ನುವವರೂ ಇದ್ದಾರೆ. ಲತಾನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಹುಟ್ಟಿದ ದಿನಾಂಕ, ಲಿಂಗ, ಅಂಚೆ ಪ್ರದೇಶದ ಐದಂಕಿ ಸಂಖ್ಯೆ, ಈ ಮೂರೇ ಸೇರಿದರೆ ಅಮೆರಿಕದ ಜನರಲ್ಲಿ ಸುಮಾರು ಶೇ 87 ಮಂದಿಯನ್ನು ಒಬ್ಬೊಬ್ಬರಾಗಿ ಬೇರ್ಪಡಿಸಿ ಗುರುತಿಸುವ ಸಾಧ್ಯತೆ ಇತ್ತು. ಬಿಡಿಬಿಡಿಯಾಗಿ ನೋಡಿದರೆ ಇವ್ಯಾವುವೂ ಗೋಪ್ಯವೆನಿಸುವುದಿಲ್ಲ. ಒಂದು ಸಾಲಿನಲ್ಲಿ ಕೂತಾಗ ದರ್ಜೆ ಏರುತ್ತದೆ. ಹೊರಗಿನ ಡೆವಲಪರುಗಳಿಗೆ ಟೆಸ್ಟಿಂಗ್‌ಗೆಂದು ‘ಹೆಸರಿಲ್ಲದ’ ಡೇಟಾ ಕೊಡುವ ಮೊದಲು ಉಳಿದ ಕಾಲಮ್‌ಗಳನ್ನು ಒಟ್ಟಿಗೆ ಇಟ್ಟು ಓದಿ ನೋಡಿ.

ಹಾಗೆಯೇ ದರ್ಜೆ ಇಳಿಯುವುದೂ ಉಂಟು. ಕಂಪನಿಯ ತ್ರೈಮಾಸಿಕ ಫಲಿತಾಂಶ ಪ್ರಕಟಣೆಯ ಹಿಂದಿನ ರಾತ್ರಿ ಅತಿ ಗೋಪ್ಯ, ಪ್ರಕಟವಾದ ಮೇಲೆ ಸಾರ್ವಜನಿಕ. ಯಾವಾಗ ಇಳಿಸಬೇಕು ಎಂದು ಮೊದಲೇ ಬರೆದಿಡದಿದ್ದರೆ ಎಲ್ಲಕ್ಕೂ ‘ಗೋಪ್ಯ’ ಎಂಬ ಮುದ್ರೆ ಬಿದ್ದು, ಆ ಮುದ್ರೆಯನ್ನು ಯಾರೂ ಲೆಕ್ಕಕ್ಕಿಡದಂತಾಗುತ್ತದೆ.

ಫೈಲುಗಳಿಗೆ ದರ್ಜೆಯ ಲೇಬಲ್ ಹಚ್ಚುವ ಸಾಫ್ಟ್‌ವೇರ್ ಕೊಂಡರೆ ಸಾಲದೇ ಎಂದು ಕೇಳುತ್ತಾರೆ. ಕೊಳ್ಳಿ, ಸಹಾಯವಾಗುತ್ತದೆ. ಎಕ್ಸೆಲ್, ಪಿಡಿಎಫ್‌ನಂಥ ಫೈಲುಗಳ ಜೊತೆ ಲೇಬಲ್ ಸಾಗುವ ವ್ಯವಸ್ಥೆ ಇದೆ. ಆದರೆ ಸಿಎಸ್‌ವಿ ಎಂಬುದು ಬರೀ ಅಕ್ಷರಗಳ ಫೈಲು. ಲೇಬಲ್ ಕೂರಲು ಅದರಲ್ಲಿ ಜಾಗವೇ ಇಲ್ಲ, ಜನ ಹೆಚ್ಚಾಗಿ ಇಳಿಸಿಕೊಳ್ಳುವುದೂ ಅದನ್ನೇ. ಖಾತೆ ಸಂಖ್ಯೆಯಂಥ ನಿರ್ದಿಷ್ಟ ಮಾದರಿಯ ಅಂಕಿಗಳನ್ನು ಯಂತ್ರ ಹುಡುಕಿಕೊಡಬಹುದು. ಮುಂದಿನ ವರ್ಷದ ಬೆಲೆಪಟ್ಟಿ ಪ್ರತಿಸ್ಪರ್ಧಿಗೆ ಸಿಕ್ಕರೆ ಏನು ನಷ್ಟ ಎಂಬುದು ಮಾರಾಟ ವಿಭಾಗದ ಮುಖ್ಯಸ್ಥರಿಗೆ ಗೊತ್ತಿರುತ್ತದೆ, ಐಟಿಯವರಿಗೆ ಗೊತ್ತಿರುವುದಿಲ್ಲ. ದರ್ಜೆ ತೀರ್ಮಾನಿಸಬೇಕಾದವರು ಮಾಹಿತಿಯ ಒಡೆತನ ಹೊತ್ತವರು. ಕಾನೂನು, ಗುತ್ತಿಗೆಗಳ ಷರತ್ತು ಒಂದೊಂದು ವ್ಯವಹಾರಕ್ಕೆ ಒಂದೊಂದು ಥರ ಇರುವುದರಿಂದ ವಕೀಲರ ಜೊತೆ ಕೂರದೆ ಪಟ್ಟಿಯನ್ನು ಅಂತಿಮಗೊಳಿಸಬೇಡಿ.

ಎಲ್ಲಿಂದ ಶುರು ಮಾಡಲಿ ಎಂದರೆ, ಹೊಸ ನೀತಿ ಬರೆಯುವ ಮೊದಲು ಎಕ್ಸ್‌ಪೋರ್ಟ್ ಬಟನ್ ಯಾರ್ಯಾರಿಗೆ ಕೊಟ್ಟಿದ್ದೀರಿ ಎಂಬ ಪಟ್ಟಿ ತರಿಸಿಕೊಳ್ಳಿ. ಅದರಲ್ಲಿರುವ ಒಬ್ಬೊಬ್ಬರ ಬಳಿಯೂ ಕೂತು, ಇಳಿಸಿಕೊಂಡದ್ದನ್ನು ಯಾವ ಕೆಲಸಕ್ಕೆ ಬಳಸುತ್ತೀರಿ, ಆಮೇಲೆ ಯಾರಿಗೆ ಕಳಿಸುತ್ತೀರಿ ಎಂದು ಸಮಾಧಾನದಿಂದ ಕೇಳಿ. ಆ ಲೆಕ್ಕಪತ್ರ ವಿಭಾಗದವರಿಗೆ ನಾವು ಶಾಖೆವಾರು ಮೊತ್ತದ ರಿಪೋರ್ಟ್ ಒಂದನ್ನು ಮಾಡಿಸಿಕೊಟ್ಟೆವು. ಅದರಲ್ಲಿ ಗ್ರಾಹಕರ ಹೆಸರೂ ಇಲ್ಲ, ಖಾತೆ ಸಂಖ್ಯೆಯೂ ಇಲ್ಲ, ಅವರ ಕೆಲಸಕ್ಕೆ ಅವೆರಡೂ ಬೇಕಾಗಿರಲೂ ಇಲ್ಲ.