ಕಣ್ಣಪಾಪೆ ಕೆಟ್ಟಾಗ ಕಣ್ಣಿನಾಚೆ ಹುಡುಕಿದವರು

1869ರಲ್ಲಿ ಕಣ್ಣಪಾಪೆಯ ಬಗ್ಗೆ ಎರಡು ವರದಿಗಳು ಬಂದವು. ಜ್ಯೂರಿಕ್‌ನ ನೇತ್ರವೈದ್ಯ ಯೋಹಾನ್ ಫ್ರೀಡ್ರಿಕ್ ಹಾರ್ನರ್, 40 ವರ್ಷದ ರೈತ ಮಹಿಳೆಯೊಬ್ಬಳ ಮುಖದ ಒಂದೇ ಬದಿಯಲ್ಲಿ ರೆಪ್ಪೆ ಇಳಿದು ಪಾಪೆ ಕಿರಿದಾಗಿದ್ದನ್ನು ವಿವರಿಸಿದರು. ಎಡಿನ್‌ಬರೋದ ಡಗ್ಲಾಸ್ ಆರ್ಗೈಲ್ ರಾಬರ್ಟ್‌ಸನ್ ಕಂಡದ್ದು ಬೆಳಕು ಬಿಟ್ಟರೂ ಕದಲದ, ಹತ್ತಿರದ ವಸ್ತು ನೋಡಿದಾಗ ಮಾತ್ರ ಕುಗ್ಗುವ ಪುಟ್ಟ ಪಾಪೆಗಳನ್ನು. ಇಬ್ಬರೂ ದೋಷವನ್ನು ಕಣ್ಣಿನಾಚೆ, ನರಗಳಲ್ಲಿ ಹುಡುಕಿದರು.

ಹಾರ್ನರ್‌ಗಿಂತ ಮೊದಲೇ, 1727ರಲ್ಲಿ, ಫ್ರಾನ್ಸಿನ ವೈದ್ಯ ಪೂರ್‌ಫೂರ್ ದ್ಯು ಪೆಟಿ ನಾಯಿಗಳ ಕುತ್ತಿಗೆಯ ನರ ಕತ್ತರಿಸಿ ಕಣ್ಣಿನ ಮೇಲಾಗುವ ಪರಿಣಾಮ ತೋರಿಸಿದ್ದರು. ಪಾಪೆಯನ್ನು ಹಿಗ್ಗಿಸುವ ಆ ಸಿಂಪಥೆಟಿಕ್ ನರದ ದಾರಿ ಬಹಳ ಸುತ್ತು. ಮಿದುಳಿನಿಂದ ಬೆನ್ನುಹುರಿಗೆ ಇಳಿದು, ಶ್ವಾಸಕೋಶದ ಮೇಲ್ತುದಿಯನ್ನು ಹಾದು, ಕುತ್ತಿಗೆಯ ಕೆರೋಟಿಡ್ ರಕ್ತನಾಳವನ್ನು ಹಿಡಿದು ಮತ್ತೆ ಮೇಲೇರಿ ಕಣ್ಣು ಸೇರುತ್ತದೆ. ಹಾಗಾಗಿಯೇ ಪಾಪೆ ಕಿರಿದಾಗಲು ಶ್ವಾಸಕೋಶದ ತುದಿಯ ಗೆಡ್ಡೆ ಕಾರಣವಾಗಬಹುದು, ಕೆರೋಟಿಡ್ ಗೋಡೆಯ ಸೀಳೂ ಕಾರಣವಾಗಬಹುದು. ಹೊಸದಾಗಿ ರೆಪ್ಪೆ ಇಳಿದು, ಪಾಪೆ ಕಿರಿದಾಗಿ, ಕುತ್ತಿಗೆಯೂ ನೋಯುತ್ತಿದ್ದರೆ ವೈದ್ಯರು ತಡಮಾಡುವುದಿಲ್ಲ.

ರಾಬರ್ಟ್‌ಸನ್ ಪಾಪೆಯ ಕತೆ ಬೇರೆ. ಅದು ನರಮಂಡಲಕ್ಕೆ ಹಬ್ಬಿದ ಸಿಫಿಲಿಸ್ ಎಂಬ ಲೈಂಗಿಕ ರೋಗದ ಗುರುತು ಎಂದು ಮುಂದೆ ಸ್ಥಿರಪಟ್ಟಿತು. ಆದರೆ ಹೋಲಿಕೆಯೇ ತೊಡಕಾಯಿತು. ಕೆಲವರಲ್ಲಿ ಪಾಪೆ ಬೆಳಕಿಗೆ ಸರಿಯಾಗಿ ಸ್ಪಂದಿಸದು, ಮೊಣಕಾಲು ತಟ್ಟಿದರೆ ಕಾಲು ಚಿಮ್ಮದು. ಸಿಫಿಲಿಸ್ ಮಾತ್ರ ಇರದು. 1931ರಲ್ಲಿ ನರವೈದ್ಯ ವಿಲಿಯಂ ಜಾನ್ ಆಡಿ, ಇದು ಸಿಫಿಲಿಸ್‌ನಂತೆ ಕಾಣುವ, ಆದರೆ ಅಪಾಯವಿಲ್ಲದ ಬೇರೆಯೇ ತೊಂದರೆ ಎಂದು ವಾದಿಸಿದರು. ಪಾಪೆಯ ಇಡೀ ಚರಿತ್ರೆಯಲ್ಲಿ ನನಗೆ ಅತಿ ಮಾನವೀಯವಾಗಿ ಕಾಣುವುದು ಇದೇ. ಇಲ್ಲದ ರೋಗದ ಕಳಂಕ, ಬೇಡದ ಚಿಕಿತ್ಸೆ ಎರಡನ್ನೂ ತಪ್ಪಿಸುವ ವಾದವದು. ಈಗ ಪಾಪೆ ಕುಗ್ಗಿಸುವ ಔಷಧವಾದ ಪೈಲೋಕಾರ್ಪಿನ್‌ನ ತೀರಾ ತೆಳುವಾದ ಹನಿಗೇ ಆಡಿ ಪಾಪೆ ಕುಗ್ಗುವುದನ್ನು ನೋಡಿ ಗುರುತಿಸುತ್ತಾರೆ; ಸಹಜ ಪಾಪೆ ಅಷ್ಟಕ್ಕೆ ಹೆಚ್ಚೇನೂ ಅಲುಗುವುದಿಲ್ಲ.

ದೃಷ್ಟಿನರದ ಕಾಯಿಲೆಯಲ್ಲಿ ಪಾಪೆಗಳು ಸಮವಾಗಿಯೇ ಇರುತ್ತವೆ ಎಂಬುದು ಹಲವರಿಗೆ ಅಚ್ಚರಿ. ಅದನ್ನು ಹಿಡಿಯಲು ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತೂಗಾಡಿಸುತ್ತಾರೆ. ಬೆಳಕು ಕೆಟ್ಟ ಕಣ್ಣಿಗೆ ಬಿದ್ದಾಗ ಎರಡೂ ಪಾಪೆಗಳು ಹಿಗ್ಗುತ್ತವೆ.

ಪಾಪೆಗಳು ಅಸಮವಾಗಿದ್ದರೆ ಮೊದಲ ಪ್ರಶ್ನೆ: ವ್ಯತ್ಯಾಸ ಎದ್ದು ಕಾಣುವುದು ಕತ್ತಲಲ್ಲೋ, ಬೆಳಕಲ್ಲೋ? ಕತ್ತಲಲ್ಲಾದರೆ ಹಿಗ್ಗಲಾರದ ಚಿಕ್ಕ ಪಾಪೆಯ ಮೇಲೆ ಅನುಮಾನ, ಬೆಳಕಲ್ಲಾದರೆ ಕುಗ್ಗಲಾರದ ದೊಡ್ಡದರ ಮೇಲೆ. ಸುಮಾರು ಐವರಲ್ಲಿ ಒಬ್ಬರಿಗೆ ಹುಟ್ಟುಗುಣವಾಗಿಯೇ ಸಣ್ಣ ವ್ಯತ್ಯಾಸ ಇರುವುದುಂಟು. ಹಳೆಯ ಫೋಟೊ ಹಿಗ್ಗಿಸಿ ನೋಡಿದರೆ ಎಷ್ಟೋ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಇಳಿಯಬಾರದ ಗಾಬರಿಯೂ ಒಂದಿದೆ. ಪಾಪೆಯನ್ನು ಕುಗ್ಗಿಸುವ ತಂತುಗಳು ಮಿದುಳಿನಿಂದ ಕಣ್ಣಿಗೆ ಬರುವ ಮೂರನೇ ಕಪಾಲನರದ ಹೊರಮೈಯಲ್ಲಿ ಸಾಗುತ್ತವೆ. ಮಧುಮೇಹ ಸಾಮಾನ್ಯವಾಗಿ ನರದ ಒಳಭಾಗಕ್ಕೆ ಪೆಟ್ಟು ಕೊಡುವುದರಿಂದ ಪಾಪೆ ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ. ಉಬ್ಬಿದ ರಕ್ತನಾಳ ಹೊರಗಿನಿಂದ ಒತ್ತಿದರೆ ಆ ತಂತುಗಳಿಗೇ ಮೊದಲು ಏಟು. ಪಾಪೆ ಹಿಗ್ಗಿ, ರೆಪ್ಪೆ ಇಳಿದು, ಒಂದು ಎರಡಾಗಿ ಕಂಡು, ತಲೆ ಸಿಡಿಯುತ್ತಿದ್ದರೆ ನಾಳೆಗೆ ಕಾಯುವಂತಿಲ್ಲ. ಮಿದುಳಿನ ರಕ್ತನಾಳಗಳ ಸ್ಕ್ಯಾನ್ ಕೂಡಲೇ ಆಗಬೇಕು.