ಹಿಂದಿನ ಆ್ಯಕ್ಸಲ್ ಮೇಲೆ ಎಷ್ಟು ಬಿತ್ತು?

ಲೋಡಿಂಗ್ ಸಾಫ್ಟ್‌ವೇರ್ (ಲಾರಿಯಲ್ಲಿ ಯಾವ ಮಾಲು ಎಲ್ಲಿಡಬೇಕೆಂದು ನಕ್ಷೆ ಕೊಡುವ ತಂತ್ರಾಂಶ) ನೋಡಲು ಬಂದವರು ಬೆಳಗಾವಿ ಉದ್ಯಮಬಾಗದ ಫೌಂಡ್ರಿಯವರಿರಲಿ, ವಿಜಯಪುರದ ಒಣದ್ರಾಕ್ಷಿ ವ್ಯಾಪಾರಿಗಳಿರಲಿ, ಮೊದಲ ಪ್ರಶ್ನೆ ಒಂದೇ: "ಗಾಡಿ ಎಷ್ಟು ಪರ್ಸೆಂಟ್ ತುಂಬತೈತ್ರಿ?" ಪರದೆಯ ಮೇಲೆ ಬಣ್ಣದ ಬಾಕ್ಸುಗಳು ತಿರುಗಿ 96 ಅಂತ ಬಂದರೆ ವ್ಯವಹಾರ ಕುದುರಿದಂತೆ. ಫೌಂಡ್ರಿಗೆ ಆ ಅಂಕಿಯಿಂದ ಕವಡೆ ಕಾಸಿನ ಉಪಯೋಗವಿಲ್ಲ. ಎರಕದ ಮಾಲು ಹೇರಿದಾಗ ಬಾಡಿ ಅರ್ಧ ತುಂಬುವ ಮೊದಲೇ ಪಾಸಿಂಗ್, ಅಂದರೆ ಗಾಡಿಗೆ ಅನುಮತಿಸಿದ ತೂಕ, ಮುಗಿದಿರುತ್ತದೆ.

ಕೇಳಬೇಕಾದದ್ದು ಭಾರ ಎಲ್ಲಿ ಬೀಳುತ್ತದೆ ಎಂದು. ಆರು ಚಕ್ರದ ಲಾರಿ, ಎರಡು ಆ್ಯಕ್ಸಲ್‌ಗಳ ನಡುವೆ 5 ಮೀಟರ್, ಖಾಲಿ ಗಾಡಿಯ ಹಿಂದಿನ ಆ್ಯಕ್ಸಲ್ ಮೇಲೆ 2.7 ಟನ್ ಎಂದುಕೊಳ್ಳಿ. 10 ಟನ್ ಮಾಲಿನ ಭಾರಕೇಂದ್ರ ಹಿಂದಿನ ಆ್ಯಕ್ಸಲ್‌ಗಿಂತ 0.6 ಮೀಟರ್ ಮುಂದಿದ್ದರೆ, ಮುಂದಿನ ಆ್ಯಕ್ಸಲ್ ಹೊರುವುದು 10 × 0.6 ÷ 5, ಅಂದರೆ 1.2 ಟನ್. ಉಳಿದ 8.8 ಟನ್ ಹಿಂದಕ್ಕೆ. ಖಾಲಿ ತೂಕ ಸೇರಿ 11.5. ನಾಲ್ಕು ಟೈರಿನ ಒಂಟಿ ಆ್ಯಕ್ಸಲ್‌ಗೆ ಕೇಂದ್ರ ಸರ್ಕಾರದ 2018ರ ತೂಕ ಪರಿಷ್ಕರಣೆ ಕೊಟ್ಟ ಮಿತಿಯೂ ಸರಿಯಾಗಿ ಅಷ್ಟೇ. ಈಗ ಅದೇ ಮಾಲನ್ನು 0.3 ಮೀಟರ್, ಸುಮಾರು ಒಂದು ಅಡಿ, ಹಿಂದಕ್ಕೆ ಇಡಿ. ಹಿಂದೆ 12.1 ಟನ್! ವೇಬ್ರಿಜ್ ಚೀಟಿಯಲ್ಲಿ ಒಟ್ಟು ತೂಕ ಒಂದು ಕಿಲೋ ಬದಲಾಗಿಲ್ಲ, ಪರ್ಸೆಂಟೂ ಬದಲಾಗಿಲ್ಲ. ಕಮಾನ್ (ಸ್ಪ್ರಿಂಗ್ ಪಟ್ಟಿ) ಕಟ್ಟಾದಾಗ ಬೈಸಿಕೊಳ್ಳುವವನು ಮಾತ್ರ ಡ್ರೈವರ್.

ದಾರಿಯಲ್ಲಿ ಇಳಿಸುತ್ತ ಹೋಗುವ ಗಾಡಿಗೆ ಈ ಲೆಕ್ಕ ಪ್ರತಿ ನಿಲುಗಡೆಯಲ್ಲೂ ಬೇಕು. ಹಿಂದಿನ ಆ್ಯಕ್ಸಲ್‌ನಿಂದ ಒಂದು ಮೀಟರ್ ಹಿಂದಿದ್ದ 2 ಟನ್ ಧಾರವಾಡದಲ್ಲಿ ಇಳಿದರೆ ಮುಂದಿನ ಆ್ಯಕ್ಸಲ್ ಭಾರ 400 ಕಿಲೋ ಏರುತ್ತದೆ. ಹಿಂದೆ ಚಾಚಿದ ಆ ಮಾಲು ಏತದಂತೆ ಗಾಡಿಯ ಮುಂಭಾಗವನ್ನು ಎತ್ತಿ ಹಿಡಿದಿತ್ತು. ಮಾಲು ಇಳಿಸಿದ ಮೇಲೆ ಭಾರ ಏರುವುದೆಂದರೆ ಹಲವರು ನಂಬುವುದೇ ಇಲ್ಲ. ಬೆಳಗಾವಿಯಲ್ಲಿ ಹೊರಡುವಾಗಿನ ಲೋಡಿಂಗ್ ನಕ್ಷೆಯೊಂದನ್ನೇ ತೋರಿಸಿ ಸುಮ್ಮನಾಗುವ ಸಾಫ್ಟ್‌ವೇರ್ ಬೇಡ.

ಜೋಡಣೆ ಹುಡುಕುವ ವಿಧಾನದ, ಅಂದರೆ ಅಲ್ಗಾರಿದಮ್‌ನ, ವಿಷಯ ಚಿಕ್ಕದು. ಒಂದೇ ಅಳತೆಯ ಒಣದ್ರಾಕ್ಷಿ ಬಾಕ್ಸುಗಳಿಗೆ ದುಬಾರಿಯದೇನೂ ಬೇಡ. ಒಂದು ಥರದ ಅಡ್ಡ-ಉದ್ದ ಜೋಡಣೆ ಸಿಕ್ಕರೆ ಅದನ್ನೇ ಪದರ ಪದರವಾಗಿ ಏರಿಸಬಹುದು. ಹತ್ತಾರು ಅಳತೆಯ ಮಾಲಿಗೆ "ಅತ್ಯುತ್ತಮ ಉತ್ತರ ಗ್ಯಾರಂಟಿ" ಎನ್ನುವವರನ್ನು ನಂಬಬೇಡಿ. ದೊಡ್ಡ ಸಂಖ್ಯೆಯಲ್ಲಿ ಅದನ್ನು ಹುಡುಕಲು ಬೇಕಾದ ಸಮಯ ಯಾವ ಗೋದಾಮಿನಲ್ಲೂ ಇರುವುದಿಲ್ಲ. ದೊಡ್ಡದನ್ನು ಮೊದಲು ಕೂರಿಸಿ ಆಮೇಲೆ ಅದಲುಬದಲು ಮಾಡಿ ಸುಧಾರಿಸುವ ವಿಧಾನ ಸಾಮಾನ್ಯವಾಗಿ ಸಾಕು. ಜೆನೆಟಿಕ್ ಅಲ್ಗಾರಿದಮ್ (ಹಲವು ಜೋಡಣೆಗಳನ್ನು ಬೆರೆಸಿ, ಯಾದೃಚ್ಛಿಕವಾಗಿ ಬದಲಿಸಿ ಒಳ್ಳೆಯದನ್ನು ಆರಿಸುವ ವಿಧಾನ) ಇದ್ದರೆ ಒಂದು ಪರೀಕ್ಷೆ ಮಾಡಿ: ಅದೇ ಪಟ್ಟಿಯನ್ನು ಎರಡು ಸಲ ಕೊಡಿ. ಎರಡು ಬೇರೆ ನಕ್ಷೆ ಬಂದರೆ ರ್‍ಯಾಂಡಮ್ ಸೀಡ್ (ಆ ಯಾದೃಚ್ಛಿಕ ಆಯ್ಕೆ ಶುರುವಾಗುವ ಸಂಖ್ಯೆ) ಸ್ಥಿರವಾಗಿಡಲು ಹೇಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ನಕ್ಷೆ ಕೊಟ್ಟರೆ ಹಮಾಲರು ಅದನ್ನು ಮಡಚಿ ಜೇಬಿಗಿಟ್ಟು ತಮ್ಮ ಅಂದಾಜಿನಂತೆಯೇ ಹೇರುತ್ತಾರೆ. ಅವರದು ತಪ್ಪಲ್ಲ.

ಸಾಫ್ಟ್‌ವೇರ್‌ನಲ್ಲಿ ಪ್ರತಿ ಮಾಲಿಗೂ ಪ್ಯಾಲೆಟ್ (ಮಾಲಿನ ಕೆಳಗಿಡುವ ಹಲಗೆ) ಸೇರಿದ ತೂಕ, ಉಬ್ಬಿದ ಕಡೆ ಹಿಡಿದ ಅಳತೆ, ಮಗ್ಗುಲಾಗಿಸಬಹುದೇ, ಮೇಲೆ ಎಷ್ಟು ಕಿಲೋ ತಾಳುತ್ತದೆ ಎಂಬುದನ್ನು ತುಂಬಿ. ಒಂದೊಂದು ಬಾಕ್ಸ್ 8 ಮಿಲಿಮೀಟರ್ ಉಬ್ಬಿದರೂ ಸಾಲಿನಲ್ಲಿ 20 ಬಾಕ್ಸಿಗೆ 16 ಸೆಂಟಿಮೀಟರ್ ಆಯಿತು, ಕೊನೆಯ ಸಾಲು ಹೊರಗೆ.

ಮೇಲಿನ ಲೆಕ್ಕ ಎರಡು ಆ್ಯಕ್ಸಲ್ ಗಾಡಿಗಷ್ಟೇ. ಟ್ರೇಲರ್ ಇದ್ದರೆ ಕಿಂಗ್‌ಪಿನ್ (ಟ್ರೇಲರನ್ನು ಎಳೆಯುವ ಗಾಡಿಗೆ ಜೋಡಿಸುವ ಪಿನ್) ಮೇಲಿನ ಭಾರವನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಖಾಲಿ ಆ್ಯಕ್ಸಲ್ ತೂಕಕ್ಕೆ ಕಂಪನಿಯ ಕಾಗದ ನೆಚ್ಚದೆ, ಬಾಡಿ ಕಟ್ಟಿಸಿದ ಮೇಲೆ ಮುಂದಿನ ಚಕ್ರ ಒಮ್ಮೆ, ಹಿಂದಿನ ಚಕ್ರ ಒಮ್ಮೆ ವೇಬ್ರಿಜ್ ಮೇಲೆ ನಿಲ್ಲಿಸಿ ತೂಗಿಸಿಕೊಳ್ಳಿ.